ನಾಕಾ ಎಂದರೆ ಏನು?

ನಾನು ಪಾಠ ಹೇಳುವ ಎಂಟನೆಯ ತರಗತಿಯ ಹುಡುಗನೊಬ್ಬ ತನ್ನ ತಂದೆಯ ಕೆಲಸವನ್ನು ಕುರಿತು ನಾಲ್ಕು ವಾಕ್ಯ ಬರೆದಿದ್ದ. ‘ನಮ್ಮ ಅಪ್ಪ ದಿನಾ ಮುಂಜಾನೆ ನಾಕಾಕ್ಕೆ ಹೋಗುತ್ತಾನೆ. ಕೆಲಸ ಸಿಕ್ಕರೆ ಸಂಜೆ ಬರುತ್ತಾನೆ. ಸಿಗದಿದ್ದರೆ ಹತ್ತು ಗಂಟೆಗೇ ಬರುತ್ತಾನೆ. ಆ ದಿನ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡುವುದಿಲ್ಲ.’ ಇದು ನೋಟುಪುಸ್ತಕದಲ್ಲಿ ಬಂದಿದ್ದರೆ ನಾನು ಏನು ಮಾಡುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ‘ಹೋಗುತ್ತಾನೆ’ ಎಂಬುದರ ಕೆಳಗೆ ಗೆರೆ ಎಳೆದು ‘ಹೋಗುತ್ತಾರೆ’ ಎಂದು ತಿದ್ದಿ, ‘ವಿಷಯ ಚೆನ್ನಾಗಿದೆ, ವಿಸ್ತಾರವಾಗಿ ಬರೆ’ ಎಂದು ಅಂಚಿನಲ್ಲಿ ಬರೆದು, ಹತ್ತಕ್ಕೆ ಐದು ಅಂಕ ಕೊಟ್ಟು ಮುಂದಿನ ಪುಸ್ತಕವನ್ನು ಕೈಗೆತ್ತಿಕೊಳ್ಳುತ್ತಿದ್ದೆ. ಆದರೆ ಆ ನಾಲ್ಕು ವಾಕ್ಯಗಳು ನಮ್ಮ ತರಗತಿಯ ಬ್ಲಾಗಿನಲ್ಲಿದ್ದವು. ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಒಂದು ಕನ್ನಡ ಶಾಲೆಯ ಹುಡುಗಿ ಅದನ್ನು ಓದಿ, ಕೆಳಗೆ ಹೀಗೆ ಕೇಳಿದ್ದಳು: ‘ನಾಕಾ ಅಂದ್ರ ಏನು? ನಮ್ಮ ಕಡೆ ಗಾಡಿ ತಡದು ನೋಡೋ ಜಾಗಾಕ್ಕ ನಾಕಾ ಅಂತಾರ. ನಿಮ್ಮ ಅಪ್ಪ ಪೊಲೀಸನಾ?’

ಹುಡುಗನಿಗೆ ಮೊದಲು ಸಿಟ್ಟು ಬಂತು. ತನ್ನ ತಂದೆಯನ್ನು ಅವಳು ಗೇಲಿ ಮಾಡುತ್ತಿದ್ದಾಳೆ ಎಂದು ಅವನು ಎಣಿಸಿದ. ಅವಳಿಗೆ ನಿಜವಾಗಿಯೂ ಗೊತ್ತಿಲ್ಲದ ಕಾರಣ ಕೇಳಿದ್ದಾಳೆ ಎಂದು ನಾನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕುಳಿತ. ಆಮೇಲೆ, ‘ನಾಕಾ ಗೊತ್ತಿಲ್ಲದೋರು ಇರ್ತಾರ, ಟೀಚರ್?’ ಎಂದು ಕೇಳಿದ. ಮುಂಬಯಿಯಲ್ಲಿ ಹುಟ್ಟಿ ಬೆಳೆದ ಆ ಹುಡುಗನಿಗೆ, ಬೆಳಗಿನ ಹೊತ್ತು ಕೂಲಿಗಾಗಿ ಜನ ಗುಂಪುಗೂಡಿ ನಿಲ್ಲುವ ರಸ್ತೆಯ ಮೂಲೆಯೊಂದು ಎಲ್ಲ ಊರಿನಲ್ಲೂ ಇದ್ದೇ ಇರುತ್ತದೆ ಎಂದು ತೋರಿತ್ತು. ಅವನಂತೆ ನನಗೂ ಆ ಪದ ಎಷ್ಟು ಸಹಜವಾಗಿತ್ತೆಂದರೆ, ಇಪ್ಪತ್ತು ವರ್ಷಗಳಿಂದ ಇಂಥ ಮಕ್ಕಳ ಪ್ರಬಂಧಗಳನ್ನು ತಿದ್ದುತ್ತ ಬಂದಿದ್ದರೂ ಒಬ್ಬರನ್ನಾದರೂ ‘ನಾಕಾ ಎಂದರೆ ಏನು, ಅಲ್ಲಿ ಏನು ನಡೆಯುತ್ತದೆ?’ ಎಂದು ನಾನು ಕೇಳಿದವಳಲ್ಲ. ‘ವಿಸ್ತಾರವಾಗಿ ಬರೆ’ ಎಂದು ಮಾತ್ರ ಹೇಳುತ್ತಿದ್ದೆ. ಏನನ್ನು, ಯಾರಿಗೆ, ಏತಕ್ಕೆ ವಿಸ್ತರಿಸಬೇಕು ಎಂಬುದು ಆ ಮಾತಿನಲ್ಲಿ ಎಲ್ಲಿಯೂ ಇರಲಿಲ್ಲ.

ಮುಂದಿನ ಭಾನುವಾರ ಅವನು ತಂದೆಯ ಜೊತೆಗೆ ನಾಕಾಕ್ಕೆ ಹೋದ. ಸೋಮವಾರ ಒಂದೂವರೆ ಪುಟ ಬರೆದು ತಂದ. ಗೋಡೆ ಕಟ್ಟುವ ಗವಂಡಿಗಳು ಒಂದು ಕಡೆ, ಬಣ್ಣ ಬಳಿಯುವವರು ಇನ್ನೊಂದು ಕಡೆ, ಕೈಯಾಳುಗಳಾದ ಬಿಗಾರಿಗಳು ಮತ್ತೊಂದು ಕಡೆ ನಿಲ್ಲುತ್ತಾರೆ. ಬಾಯಿಬಿಟ್ಟು ಹೇಳದಿದ್ದರೂ ಕೈಯಲ್ಲಿ ಹಿಡಿದ ಸಾಮಾನಿನಿಂದಲೇ ಯಾರು ಯಾವ ಕೆಲಸದವರೆಂದು ತಿಳಿಯುತ್ತದೆ. ಗವಂಡಿಯ ಚೀಲದಿಂದ ಕರಣೆಯ ಹಿಡಿ ಹೊರಗೆ ಕಾಣುವಂತೆ ಇಟ್ಟುಕೊಳ್ಳುವುದು ಬೇಕೆಂದೇ. ಆಳುಗಳನ್ನು ಆರಿಸಿ ಕರೆದೊಯ್ಯುವ ಮುಕಾದಮ ಬಂದರೆ ಎಲ್ಲರೂ ಒಟ್ಟಿಗೆ ಮುಂದೆ ಬರುತ್ತಾರೆ, ವಯಸ್ಸಾದವರು ಹಿಂದೆ ಉಳಿಯುತ್ತಾರೆ. ಇದನ್ನೆಲ್ಲ ಅವನು ಕಣ್ಣಾರೆ ಕಂಡು ಬರೆದಿದ್ದ. ಕೊನೆಯಲ್ಲಿ ಜತ್ತದ ಹುಡುಗಿಗೆ ನೇರವಾಗಿ, ‘ನಮ್ಮ ಅಪ್ಪ ಪೊಲೀಸ ಅಲ್ಲ, ಗವಂಡಿ’ ಎಂದು ಉತ್ತರ ಕೊಟ್ಟಿದ್ದ.

ತರಗತಿಯಲ್ಲಿ ಬ್ಲಾಗನ್ನು ಪಾಠದ ಸಾಧನವಾಗಿ ಬಳಸುವುದರ ಬಗ್ಗೆ ಯಾರಾದರೂ ಕೇಳಿದಾಗ ನಾನು ಮೊದಲು ಈ ಸಂಗತಿಯನ್ನೇ ಹೇಳುತ್ತೇನೆ. ಕಂಪ್ಯೂಟರು, ಜಾಲ, ತಂತ್ರಾಂಶ ಇವೆಲ್ಲ ಆಮೇಲಿನ ಮಾತು. ಶಾಲೆಯಲ್ಲಿ ಬರೆಯುವ ಮಗುವಿಗೆ ಸಾಮಾನ್ಯವಾಗಿ ಇರುವುದು ಒಬ್ಬರೇ ಓದುಗರು, ಅದು ಟೀಚರು. ಆ ಓದುಗರಿಗೆ ವಿಷಯ ಮೊದಲೇ ಗೊತ್ತಿರುತ್ತದೆ, ಅಥವಾ ಗೊತ್ತಿರುವಂತೆ ಅವರು ಕುಳಿತಿರುತ್ತಾರೆ. ಅವರು ಓದುವುದು ತಿಳಿದುಕೊಳ್ಳಲಿಕ್ಕಲ್ಲ, ಅಳೆಯಲಿಕ್ಕೆ. ಹಾಗೆ ಅಳೆಯುವವರ ಮುಂದೆ ಮಗು ತನ್ನ ಬದುಕಿನ ಸಂಗತಿಯನ್ನು ಏಕೆ ಬಿಚ್ಚಿ ಹೇಳಬೇಕು? ಅದು ಅಳತೆಗೆ ಸಾಕಾಗುವಷ್ಟು ಬರೆದು ಸುಮ್ಮನಾಗುತ್ತದೆ.

ನಮ್ಮ ಶಾಲೆ ಮಧ್ಯ ರೈಲ್ವೆಯ ಹಳಿಗೆ ಹತ್ತಿರವಿರುವ ಒಂದು ಕನ್ನಡ ಮಾಧ್ಯಮದ ಶಾಲೆ. ಒಂದು ಕಾಲಕ್ಕೆ ಇಲ್ಲಿ ಉಡುಪಿ, ಮಂಗಳೂರು ಕಡೆಯ ಹೋಟೆಲು ಕೆಲಸದವರ ಮಕ್ಕಳೇ ಹೆಚ್ಚಾಗಿದ್ದರು. ಅವರ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಗಳಿಗೆ ಹೋದ ಮೇಲೆ ನಮ್ಮ ಬೆಂಚುಗಳಲ್ಲಿ ಈಗ ಕುಳಿತಿರುವವರು ಬಹುಪಾಲು ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಮನೆಯಲ್ಲಿ ಒಂದು ಬಗೆಯ ಕನ್ನಡ, ಗಲ್ಲಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಪುಸ್ತಕದಲ್ಲಿ ಇನ್ನೊಂದು ಕನ್ನಡ. ಆ ಪುಸ್ತಕವನ್ನು ಸಿದ್ಧಪಡಿಸುವುದು ಪುಣೆಯ ಬಾಲಭಾರತಿ. 1967ರಲ್ಲಿ ಆರಂಭವಾದ ಈ ಸಂಸ್ಥೆ ಮಹಾರಾಷ್ಟ್ರದ ಶಾಲೆಗಳಿಗೆ ಮರಾಠಿಯ ಜೊತೆಗೆ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಪಠ್ಯಪುಸ್ತಕ ಹೊರತರುತ್ತದೆ. ಮುಂಬಯಿಯ ನಮ್ಮ ಮಕ್ಕಳೂ ಜತ್ತದ, ಅಕ್ಕಲಕೋಟೆಯ ಮಕ್ಕಳೂ ಓದುವುದು ಅದನ್ನೇ. ಒಂದೇ ಪಾಠವನ್ನು ಇಷ್ಟು ದೂರ ದೂರದಲ್ಲಿ ಕುಳಿತು ಓದುವ ಮಕ್ಕಳಿಗೆ ಪರಸ್ಪರ ಪರಿಚಯವೇ ಇಲ್ಲವಲ್ಲ ಎಂಬ ಯೋಚನೆಯಿಂದಲೇ ಬ್ಲಾಗಿನ ಕೆಲಸ ಶುರುವಾಯಿತು. ತರಬೇತಿ ಶಿಬಿರವೊಂದರಲ್ಲಿ ಪರಿಚಯವಾದ ಜತ್ತದ ಶಿಕ್ಷಕರೊಬ್ಬರು ಉತ್ಸಾಹದಿಂದ ಒಪ್ಪಿಕೊಂಡರು.

ಈ ಯೋಚನೆಗೆ ಇನ್ನೊಂದು ಬೇರು ನಮ್ಮ ಮನೆಯಲ್ಲಿತ್ತು. ನನ್ನ ತಂದೆ ಹದಿನಾಲ್ಕರ ವಯಸ್ಸಿಗೆ ಉಡುಪಿ ಕಡೆಯಿಂದ ಬಂದು ಮುಂಬಯಿಯ ಫೋರ್ಟ್ ಪ್ರದೇಶದ ಹೋಟೆಲೊಂದರಲ್ಲಿ ಲೋಟ ತೊಳೆಯಲು ಸೇರಿದವರು. ಹಗಲಿಡೀ ಕೆಲಸ ಮಾಡಿ ರಾತ್ರಿ ಕನ್ನಡ ಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿದರು. ಮುಂಬಯಿಯ ಕನ್ನಡಿಗರ ಒಂದು ತಲೆಮಾರನ್ನು ಮೇಲೆತ್ತಿದ ಆ ರಾತ್ರಿಶಾಲೆಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಅಲ್ಲಿಯ ಹುಡುಗರು ಸೇರಿ ಒಂದು ಕೈಬರಹದ ಪತ್ರಿಕೆ ನಡೆಸುತ್ತಿದ್ದರಂತೆ. ಇದ್ದದ್ದು ಒಂದೇ ಪ್ರತಿ. ಅದು ಹೋಟೆಲಿನಿಂದ ಹೋಟೆಲಿಗೆ ಕೈಬದಲಾಗುತ್ತ ಹೋಗುತ್ತಿತ್ತು. ಹಿಂದಿನ ಕೆಲವು ಪುಟಗಳನ್ನು ಖಾಲಿ ಬಿಟ್ಟಿರುತ್ತಿದ್ದರು, ಓದಿದವರು ಅಲ್ಲಿ ಏನಾದರೂ ಬರೆಯಬೇಕು. ಪತ್ರಿಕೆ ತಿಂಗಳ ಕೊನೆಗೆ ಮರಳಿ ಬಂದಾಗ ತಂದೆಯವರು ಮೊದಲು ತೆರೆದು ನೋಡುತ್ತಿದ್ದುದು ಆ ಹಿಂದಿನ ಪುಟಗಳನ್ನೇ. ಎಣ್ಣೆಯ ಕಲೆಯಾದ, ಚಹಾದ ಲೋಟದ ಗುರುತು ಬಿದ್ದ ಆ ಪುಟಗಳ ವಿಷಯ ಹೇಳುವಾಗ ಎಂಬತ್ತರ ವಯಸ್ಸಿನಲ್ಲಿಯೂ ಅವರ ಮುಖ ಅರಳುತ್ತಿತ್ತು. ಬ್ಲಾಗು ಏನೆಂದು ನಾನು ವಿವರಿಸಿದಾಗ ಅವರು ತಕ್ಷಣ, ‘ಹಿಂದಿನ ಪುಟ ಉಂಟಲ್ಲ ಅದಕ್ಕೆ?’ ಎಂದು ಕೇಳಿದರು.

ಜಾಲದಲ್ಲಿ ದಿನಚರಿಯಂತೆ ಬರೆದಿಡುವ ಪುಟಕ್ಕೆ ‘ವೆಬ್‌ಲಾಗ್’ ಎಂಬ ಹೆಸರನ್ನು 1997ರಲ್ಲಿ ಜೋರ್ನ್ ಬಾರ್ಗರ್ ಕೊಟ್ಟರು. 1999ರಲ್ಲಿ ಪೀಟರ್ ಮೆರ್ಹೋಲ್ಜ್ ಅದನ್ನು ಒಡೆದು ‘ಬ್ಲಾಗ್’ ಮಾಡಿದರು. ಅದೇ ವರ್ಷ ಬ್ಲಾಗರ್ ಸೇವೆ ಬಂದು, ತಂತ್ರಜ್ಞಾನ ತಿಳಿಯದವರೂ ಬರೆಯುವಂತಾಯಿತು. ಆದರೆ ಮಕ್ಕಳ ಬರಹವನ್ನು ಹೊರಗಿನವರು ಓದುವಂತೆ ಮಾಡಿದರೆ ಕಲಿಕೆ ಬದಲಾಗುತ್ತದೆ ಎಂಬ ತಿಳಿವಳಿಕೆ ಇದಕ್ಕಿಂತ ಬಹಳ ಹಳೆಯದು. ದಕ್ಷಿಣ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಶಿಕ್ಷಕರಾಗಿದ್ದ ಸೆಲೆಸ್ಟಿನ್ ಫ್ರೆನೆ ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯ ಮಾಡಿಕೊಂಡು ಬಂದವರು. ಹೆಚ್ಚು ಹೊತ್ತು ಗಟ್ಟಿಯಾಗಿ ಮಾತನಾಡಿ ಪಾಠ ಮಾಡುವುದು ಅವರಿಂದ ಆಗುತ್ತಿರಲಿಲ್ಲ. 1924ರ ಸುಮಾರಿಗೆ ಅವರು ತರಗತಿಗೇ ಒಂದು ಪುಟ್ಟ ಮುದ್ರಣಯಂತ್ರ ತಂದಿಟ್ಟರು. ಮಕ್ಕಳು ತಮ್ಮ ಮನೆಯ, ಹೊಲದ, ಬೀದಿಯ ಸಂಗತಿಗಳನ್ನು ಹೇಳಿ, ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಅಚ್ಚು ಹಾಕಿದರು. ಆ ಹಾಳೆಗಳು ದೇಶದ ಇನ್ನೊಂದು ತುದಿಯ ಬ್ರಿಟನಿ ಪ್ರಾಂತದ ಶಾಲೆಯೊಂದಕ್ಕೆ ಹೋಗುತ್ತಿದ್ದವು, ಅಲ್ಲಿಯ ಮಕ್ಕಳ ಹಾಳೆಗಳು ಇಲ್ಲಿಗೆ ಬರುತ್ತಿದ್ದವು. ಬೆಟ್ಟದ ಮಕ್ಕಳು ಕಡಲ ಮಕ್ಕಳಿಗೆ ಬರೆದರು. ಮುಂಬಯಿಗೂ ಜತ್ತಕ್ಕೂ ನಡುವೆ ನಾವು ಮಾಡುತ್ತಿರುವುದು ಅದನ್ನೇ. ಮೊಳೆಯ ಬದಲು ಕೀಲಿಮಣೆ ಬಂದಿದೆ, ಅಂಚೆಯ ಬದಲು ಜಾಲ ಬಂದಿದೆ.

ಕೀಲಿಮಣೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬ್ಲಾಗಿನಿಂದ ಬರವಣಿಗೆ ಸುಧಾರಿಸಬಹುದು ಎಂದು ನಾನು ಎಣಿಸಿದ್ದೆ. ಆದರೆ ಟೈಪು ಮಾಡುವುದರಿಂದ ಕಾಗುಣಿತ ಸುಧಾರಿಸೀತೆಂದು ಎಣಿಸಿರಲಿಲ್ಲ. ನಮ್ಮ ಮಕ್ಕಳು ಬಳಸುವುದು ಕೆ.ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನು. ಅದರಲ್ಲಿ ಒತ್ತಕ್ಷರ ಬೇಕಾದರೆ ಮೊದಲ ವ್ಯಂಜನ, ಆಮೇಲೆ ಎಫ್ ಕೀಲಿ, ಆಮೇಲೆ ಎರಡನೆಯ ವ್ಯಂಜನ ಒತ್ತಬೇಕು. ‘ಅಮ್ಮ’, ‘ರಸ್ತೆ’, ‘ಅಣ್ಣ’ ಎಲ್ಲವೂ ಸಲೀಸಾಗಿ ಬಂದವು. ಒಂದು ದಿನ ಒಬ್ಬ ಹುಡುಗಿ ‘ಸೂರ್ಯ’ ಎಂದು ಬರೆಯಲು ಹೋಗಿ ತಡೆದಳು. ಪಾಟಿಯ ಮೇಲೆ, ಪುಸ್ತಕದಲ್ಲಿ ಅವಳು ಬರೆದು ರೂಢಿಯಾದದ್ದು ‘ಸೂ’ ಬರೆದು, ‘ಯ’ ಬರೆದು, ಕೊನೆಗೆ ಅರ್ಕಾವೊತ್ತಿನ ಕೊಂಡಿ ಹಾಕುವುದು. ಹಾಗೆಯೇ ಇಲ್ಲಿಯೂ ‘ಯ’ವನ್ನು ಮೊದಲು ಒತ್ತಿದಳು, ಆಮೇಲೆ ‘ರ’ ಒತ್ತು ಕೊಟ್ಟಾಗ ತೆರೆಯ ಮೇಲೆ ‘ಸೂಯ್ರ’ ಎಂದು ಬಂತು. ಮೂರು ಸಲ ಅಳಿಸಿದಳು, ಮೂರು ಸಲವೂ ಅದೇ. ಪಕ್ಕದಲ್ಲಿದ್ದ ಹುಡುಗಿ, ‘ಬಾಯಿಲೆ ಅಂದು ನೋಡು, ಯಾವುದು ಮೊದಲ ಬರ್ತದ?’ ಎಂದಳು. ಇವಳು ನಿಧಾನವಾಗಿ ‘ಸೂ… ರ್… ಯ’ ಎಂದಳು. ‘ರ್’ ಮೊದಲು! ಕೈಬರಹದಲ್ಲಿ ಕೊನೆಗೆ ಬರುವ ಗುರುತು ಉಚ್ಚಾರದಲ್ಲಿ ಮೊದಲೇ ಬರುತ್ತದೆ ಎಂಬುದು ಆ ಕ್ಷಣದಲ್ಲಿ ಅವಳಿಗೆ ಹೊಳೆಯಿತು. ಐದನೆಯ ತರಗತಿಯಿಂದ ನಾವು ಕಪ್ಪುಹಲಗೆಯ ಮೇಲೆ ಹೇಳುತ್ತ ಬಂದುದನ್ನು ಯಂತ್ರ ಹಟ ಹಿಡಿದು ಕಲಿಸಿತು. ಕಂಪ್ಯೂಟರಿನೊಳಗೆ ಕನ್ನಡದ ಅಕ್ಷರ ಕೂಡುವುದು ಕಣ್ಣಿಗೆ ಕಾಣುವ ಕ್ರಮದಲ್ಲಲ್ಲ, ಉಚ್ಚಾರದ ಕ್ರಮದಲ್ಲಿ. ‘ರ‍್ಯಾಲಿ’ ಎಂಬಂಥ ಪದದಲ್ಲಿ ಅರ್ಕಾವೊತ್ತು ಬೇಡವಾದಾಗ ಕಣ್ಣಿಗೆ ಕಾಣದ ಒಂದು ಜೋಡಕವನ್ನು ನಡುವೆ ಇಡಬೇಕಾಗುತ್ತದೆ ಎಂಬುದನ್ನೂ ಮಕ್ಕಳೇ ಕಂಡುಕೊಂಡು ಒಬ್ಬರಿಗೊಬ್ಬರು ಹೇಳಿಕೊಟ್ಟರು. ‘ಮೂರ್ಖ’, ‘ವರ್ಷ’, ‘ಧೈರ್ಯ’ಗಳಲ್ಲಿ ಆ ವರ್ಷ ತಪ್ಪು ಕಡಿಮೆಯಾದದ್ದನ್ನು ನಾನು ಉತ್ತರಪತ್ರಿಕೆಗಳಲ್ಲಿಯೂ ಕಂಡೆ.

ನಮಗಿರುವುದು ಬೆರಳೆಣಿಕೆಯಷ್ಟು ಕಂಪ್ಯೂಟರುಗಳು. ಮನೆಯಲ್ಲಿರುವ ಮೊಬೈಲು ಬೆಳಗ್ಗೆ ತಂದೆಯ ಜೊತೆ ಕೆಲಸಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ಮೊದಲ ಕರಡು ಯಾವಾಗಲೂ ಕಾಗದದ ಮೇಲೆಯೇ. ವಾರಕ್ಕೆ ಎರಡು ತಾಸು, ಇಬ್ಬಿಬ್ಬರಂತೆ ಕುಳಿತು ಟೈಪು ಮಾಡುತ್ತಾರೆ. ಒಬ್ಬರು ಓದಿ ಹೇಳುತ್ತಾರೆ, ಇನ್ನೊಬ್ಬರು ಒತ್ತುತ್ತಾರೆ. ಓದಿ ಹೇಳುವಾಗಲೇ ವಾಕ್ಯ ಎಲ್ಲಿ ತೊಡರುತ್ತದೆಂದು ಕಿವಿಗೆ ಗೊತ್ತಾಗಿ ಅಲ್ಲಿಯೇ ಬದಲಾಗುತ್ತದೆ. ಎಲ್ಲರಿಗೂ ಒಂದೊಂದು ಕಂಪ್ಯೂಟರು ಇದ್ದಿದ್ದರೆ ಈ ಲಾಭ ನಮಗೆ ಸಿಗುತ್ತಿರಲಿಲ್ಲವೇನೋ.

ಏನು ಬರೆಯಬೇಕು ಎಂಬ ಪ್ರಶ್ನೆಯಲ್ಲಿ ನಾನು ಆರಂಭದಲ್ಲಿ ಎಡವಿದೆ. ‘ಗ್ರಂಥಾಲಯದ ಮಹತ್ವ’, ‘ನನ್ನ ಮೆಚ್ಚಿನ ಹಬ್ಬ’, ‘ಪರಿಸರ ಸಂರಕ್ಷಣೆ’ ಎಂಬ ಹಳೆಯ ಪ್ರಬಂಧದ ತಲೆಬರಹಗಳನ್ನೇ ಬ್ಲಾಗಿಗೂ ಕೊಟ್ಟೆ. ಮಕ್ಕಳು ಮಾರ್ಗದರ್ಶಿಗಳಿಂದ, ಜಾಲದಿಂದ ಎತ್ತಿ ತಂದು ಹಾಕಿದರು. ಜತ್ತದಿಂದ ಒಂದೂ ಪ್ರಶ್ನೆ ಬರಲಿಲ್ಲ. ಬರುವುದಾದರೂ ಹೇಗೆ? ಗ್ರಂಥಾಲಯದ ಮಹತ್ವದ ಬಗ್ಗೆ ಯಾರೂ ಯಾರನ್ನೂ ಏನೂ ಕೇಳುವುದಿಲ್ಲ. ಎರಡು ತಿಂಗಳ ಬಳಿಕ ನಾನು ತಲೆಬರಹ ಕೊಡುವುದನ್ನೇ ಬಿಟ್ಟು, ನಿಮಗೆ ಮಾತ್ರ ಗೊತ್ತಿರುವ, ಜತ್ತದವರಿಗೆ ಗೊತ್ತಿರಲಾರದ ಒಂದು ಸಂಗತಿ ಬರೆಯಿರಿ ಎಂದೆ. ಆಗ ಬಂದವು ನೋಡಿ ಬರಹಗಳು! ನೀರು ಬರುವ ಹೊತ್ತಿಗೆ ಚಾಳಿನಲ್ಲಿ ಕೊಡಗಳನ್ನು ಸಾಲಿಗಿಡುವ ಕ್ರಮ, ಮಹಾಮಳೆಯಲ್ಲಿ ಹಳಿಯ ಮೇಲೆ ನೀರು ನಿಂತಾಗ ತಾಯಿ ಸಾಯನ್‌ನಿಂದ ಕುರ್ಲಾದವರೆಗೆ ನಡೆದು ಬಂದದ್ದು, ಮನೆಗೆಲಸಕ್ಕೆ ಹೋಗುವ ಅಜ್ಜಿ ಲಿಫ್ಟಿನ ಗುಂಡಿಗಳನ್ನು ಅಂಕಿ ಓದಲು ಬಾರದೆಯೇ ನೆನಪಿಟ್ಟುಕೊಂಡ ಬಗೆ. ಜತ್ತದಿಂದ ದಾಳಿಂಬೆಯ ತೋಟ, ಟ್ಯಾಂಕರಿನ ದಾರಿ ಕಾಯುವ ಬೇಸಿಗೆ, ಬತ್ತಿದ ಬಾವಿ ಬಂದವು. ‘ನಮ್ಮ ಬಾವಿ ಎಂಟು ಪುರುಷ ಆಳ’ ಎಂದು ಒಬ್ಬ ಬರೆದಿದ್ದ. ನಮ್ಮವರು, ಪುರುಷ ಎಂದರೆ ಗಂಡಸಲ್ಲವೇ ಎಂದು ಕೇಳಿದರು. ಮನುಷ್ಯ ಕೈ ಮೇಲೆತ್ತಿ ನಿಂತರೆ ಎಷ್ಟೋ ಅಷ್ಟು ಒಂದು ಪುರುಷ ಎಂದು ಉತ್ತರ ಬಂತು. ಆ ದಿನ ನಮ್ಮ ತರಗತಿಯಲ್ಲಿ ಎಲ್ಲರೂ ಗೋಡೆಗೆ ಒತ್ತಿ ನಿಂತು ಕೈಯೆತ್ತಿ ಗುರುತು ಹಾಕಿಕೊಂಡರು. ಎಂಟನ್ನು ಯಾವುದರಿಂದ ಗುಣಿಸಬೇಕು, ಎತ್ತರದವನಿಂದಲೋ ಗಿಡ್ಡನಿಂದಲೋ ಎಂಬ ಚರ್ಚೆ ಗಣಿತದ ತರಗತಿಯವರೆಗೂ ಹೋಯಿತು.

ಈಗ ಪ್ರಬಂಧವನ್ನು ಯಂತ್ರವೇ ಬರೆದುಕೊಡುವ ಕಾಲ. ನನ್ನ ಸಹೋದ್ಯೋಗಿಗಳಿಗೆ ಇದರ ಬಗ್ಗೆ ದೊಡ್ಡ ಆತಂಕವಿದೆ, ನನಗೂ ಇದೆ. ಆದರೆ ಆ ಆತಂಕ ಬಹುಮಟ್ಟಿಗೆ ಹಳೆಯ ತಲೆಬರಹಗಳಿಗೆ ಸಂಬಂಧಿಸಿದ್ದು. ಕರಣೆಯ ಹಿಡಿ ಚೀಲದಿಂದ ಹೊರಗೆ ಕಾಣುವಂತೆ ಏಕೆ ಇಟ್ಟುಕೊಳ್ಳುತ್ತಾರೆ ಎಂಬುದನ್ನು ತಿಳಿಯಲು ಹುಡುಗ ತಂದೆಯ ಪಕ್ಕದಲ್ಲಿ ನಿಲ್ಲಲೇಬೇಕಾಯಿತು.

ಭಾಷೆಯ ವಿಷಯದಲ್ಲಿ ನಾನು ತುಂಬ ಯೋಚಿಸಿ ಒಂದು ತೀರ್ಮಾನಕ್ಕೆ ಬರಬೇಕಾಯಿತು. ನಮ್ಮ ಮಕ್ಕಳು ಆಡುವ ಕನ್ನಡ ‘ಹೋಗ್ಯಾನ’, ‘ನಿಂದರ್ತಾರ’ ಎನ್ನುವ ಕನ್ನಡ. ಪರೀಕ್ಷೆಯಲ್ಲಿ ಬೇಕಾಗುವುದು ‘ಹೋಗಿದ್ದಾನೆ’, ‘ನಿಲ್ಲುತ್ತಾರೆ’. ಹತ್ತನೆಯ ತರಗತಿಯ ಮಂಡಳಿ ಪರೀಕ್ಷೆ ಬರೆಯಬೇಕಾದ ಮಕ್ಕಳಿಗೆ ಗ್ರಾಂಥಿಕ ರೂಪವನ್ನು ಕಲಿಸದೆ ಬಿಟ್ಟರೆ ಅದು ಅವರಿಗೆ ಮಾಡುವ ದ್ರೋಹ. ಈ ಮಾತನ್ನು ನಾನು ಎಂದಿಗೂ ಸಡಿಲಿಸುವುದಿಲ್ಲ. ಆದರೆ ಮನೆಯ ಮಾತನ್ನು ತಪ್ಪೆಂದು ಹೊಡೆದುಹಾಕಿದ ಕಡೆಯಲ್ಲೆಲ್ಲ ಮಗು ಬರೆಯುವುದನ್ನೇ ಕಡಿಮೆ ಮಾಡುತ್ತದೆ ಎಂಬುದನ್ನು ಕಂಡಿದ್ದೇನೆ. ಬ್ಲಾಗಿನಲ್ಲಿ, ಬರಹಗಾರ ಸ್ವತಃ ಹೇಳುವ ಮಾತು ಗ್ರಾಂಥಿಕ ಕನ್ನಡದಲ್ಲಿರಬೇಕು, ಜನ ಆಡಿದ ಮಾತು ಅವರು ಆಡಿದಂತೆಯೇ ಇರಬೇಕು ಎಂದು ನಿಯಮ ಮಾಡಿದೆವು. ಇದರಿಂದ ಮಕ್ಕಳು ಎರಡರ ನಡುವಿನ ಗೆರೆಯನ್ನು ತಾವೇ ಗುರುತಿಸತೊಡಗಿದರು. ಯಾವುದು ನನ್ನ ಮಾತು, ಯಾವುದು ಅಜ್ಜಿಯ ಮಾತು ಎಂದು ಕೇಳಿಕೊಳ್ಳತೊಡಗಿದರು. ‘ಹೋಗುತ್ತಾನೆ’ ಎಂಬುದನ್ನು ನಾನು ಈಗ ‘ಹೋಗುತ್ತಾರೆ’ ಎಂದು ತಿದ್ದುವುದಿಲ್ಲ. ಆ ಮನೆಯಲ್ಲಿ ಅಪ್ಪನನ್ನು ಏಕವಚನದಲ್ಲಿಯೇ ಕರೆಯುತ್ತಾರೆ. ಆ ಏಕವಚನದಲ್ಲಿ ಇರುವಷ್ಟು ಪ್ರೀತಿಯನ್ನು ನನ್ನ ಬಹುವಚನ ತರಲಾರದು.

ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಎರಡನೆಯ ವರ್ಷ ಒಬ್ಬ ಹುಡುಗಿ ತನ್ನ ಮನೆಯ ಸಾಲದ ಬಗ್ಗೆ ಬರೆದಳು. ಯಾರಿಂದ ತಂದದ್ದು, ಬಡ್ಡಿ ಎಷ್ಟು, ತಾಯಿ ಯಾವ ಒಡವೆ ಅಡವಿಟ್ಟಳು ಎಂಬುದೆಲ್ಲ ಅದರಲ್ಲಿತ್ತು. ಬರಹ ಅಷ್ಟು ನೇರವಾಗಿ, ಅಷ್ಟು ಚೆನ್ನಾಗಿ ಬಂದಿತ್ತೆಂದರೆ ನಾನು ಮನಸಾರೆ ಮೆಚ್ಚಿ ಅದೇ ಸಂಜೆ ಪ್ರಕಟಿಸಿದೆ. ಆಗ ನಮ್ಮ ಬ್ಲಾಗು ಎಲ್ಲರಿಗೂ ತೆರೆದಿತ್ತು, ಬರಹದ ಕೆಳಗೆ ಮಕ್ಕಳ ಪೂರ್ತಿ ಹೆಸರಿರುತ್ತಿತ್ತು. ಊರಿನಲ್ಲಿದ್ದ ಅವರ ಸಂಬಂಧಿಕರೊಬ್ಬರ ಮೊಬೈಲಿಗೆ ಅದು ಹೇಗೋ ತಲುಪಿತು. ಮೂರು ದಿನ ಹುಡುಗಿ ಶಾಲೆಗೆ ಬರಲಿಲ್ಲ. ನಾಲ್ಕನೆಯ ದಿನ ಅವಳ ತಾಯಿ ಬಂದು, ಜೋರು ಮಾಡದೆ, ‘ಟೀಚರ್, ಆಕಿ ಸಣ್ಣಾಕಿ, ಆಕಿಗಿ ತಿಳೀಲಿಲ್ಲ. ನಿಮಗರ ತಿಳೀಬೇಕಿತ್ತಲ್ರಿ?’ ಎಂದರು. ಅವರ ಮುಂದೆ ನಿಂತು ಹೇಳಲು ನನ್ನಲ್ಲಿ ಏನೂ ಇರಲಿಲ್ಲ. ಬರಹವನ್ನು ತೆಗೆದೆ, ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಆದರೂ ಆ ಹುಡುಗಿ ಆ ವರ್ಷವೆಲ್ಲ ಮತ್ತೆ ತನ್ನ ಮನೆಯ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಮಾವಿನ ಮರದ ಬಗ್ಗೆ ಬರೆದಳು, ಚಂದ್ರಯಾನದ ಬಗ್ಗೆ ಬರೆದಳು. ಚೆನ್ನಾಗಿಯೇ ಬರೆದಳು. ಅದನ್ನು ಓದುವಾಗಲೆಲ್ಲ ನನಗೆ ನೋವಾಗುತ್ತಿತ್ತು.

ಆಮೇಲೆ ನಾವು ಬಹಳಷ್ಟನ್ನು ಬದಲಾಯಿಸಿದೆವು. ಬ್ಲಾಗು ಈಗ ಆಹ್ವಾನಿತರಿಗೆ ಮಾತ್ರ ಕಾಣುತ್ತದೆ: ಎರಡೂ ಶಾಲೆಯ ಮಕ್ಕಳು, ಅವರ ಮನೆಯವರು, ನಾವು ಬಲ್ಲ ಕೆಲವರು ಹಿರಿಯರು. ಮಕ್ಕಳ ಹೆಸರಿಲ್ಲ, ಅವರೇ ಆರಿಸಿಕೊಂಡ ಹಕ್ಕಿಯ, ಹೂವಿನ ಹೆಸರುಗಳಿವೆ. ಫೋಟೊ ಇಲ್ಲ. ಖಾತೆ ನನ್ನದು, ಮಕ್ಕಳದಲ್ಲ. ವರ್ಷದ ಮೊದಲ ಪಾಲಕರ ಸಭೆಯಲ್ಲಿ ಬ್ಲಾಗನ್ನು ತೆರೆಯ ಮೇಲೆ ತೋರಿಸಿ, ಓದಲು ಬಾರದವರಿಗೆ ಓದಿ ಹೇಳಿ, ಆಮೇಲೆ ಒಪ್ಪಿಗೆ ಪಡೆಯುತ್ತೇವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿಯನ್ನು ಬಳಸಲು ಹೆತ್ತವರ ಒಪ್ಪಿಗೆ ಬೇಕೆಂದು ಹೇಳುತ್ತದೆ. ಅದಕ್ಕೂ ಮೊದಲು, 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತ್ತು. ಇವೆರಡನ್ನೂ ನಾನು ಮಕ್ಕಳಿಗೆ ಹೇಳುತ್ತೇನೆ. ಆದರೆ ನಮ್ಮ ತರಗತಿಯಲ್ಲಿ ನಿತ್ಯ ಬಳಕೆಯಲ್ಲಿರುವುದು ಒಂದು ಸಣ್ಣ ಪ್ರಶ್ನೆ: ಈ ಬರಹದಲ್ಲಿ ಬಂದಿರುವ ಪ್ರತಿಯೊಬ್ಬರ ಮುಂದೆಯೂ ಇದನ್ನು ಗಟ್ಟಿಯಾಗಿ ಓದಬಲ್ಲೆಯಾ? ಓದಲಾರೆನೆಂದರೆ ಆ ಬರಹ ನೋಟುಪುಸ್ತಕದಲ್ಲಿ ಉಳಿಯುತ್ತದೆ. ನಾನು ಓದುತ್ತೇನೆ, ಅಂಕ ಹಾಕುವುದಿಲ್ಲ.

ಬಾಗಿಲು ಹಾಕಿದ ಮೇಲೆ ಅದು ಬ್ಲಾಗು ಹೇಗಾಗುತ್ತದೆ ಎಂದು ಕೆಲವರು ಕೇಳಿದ್ದಾರೆ. ನನಗೆ ಅದು ಕೊರತೆಯೆಂದು ಅನ್ನಿಸಿಲ್ಲ. ಎಂಟನೆಯ ತರಗತಿಯ ಮಗುವಿಗೆ ಲೋಕವೆಲ್ಲ ಓದುವುದು ಬೇಕಿಲ್ಲ. ತನಗೆ ಗೊತ್ತಿರುವುದು ಗೊತ್ತಿಲ್ಲದ, ತಿಳಿಯಬೇಕೆಂಬ ಆಸೆಯಿರುವ ಹತ್ತಿಪ್ಪತ್ತು ಜನ ಬೇಕು.

ಆ ಆಸೆಯನ್ನು ಮಾತಿನಲ್ಲಿ ತೋರಿಸಲು ಕಲಿಸುವುದೇ ಇಡೀ ಕೆಲಸದಲ್ಲಿ ಹೆಚ್ಚು ಶ್ರಮದ್ದು. ಮೊದಮೊದಲು ಎಲ್ಲ ಬರಹಗಳ ಕೆಳಗೂ ‘ಸೂಪರ್’, ‘ಚೆನ್ನಾಗಿದೆ’, ‘ಒಳ್ಳೆಯದು’ ಎಂದೇ ಬರುತ್ತಿತ್ತು. ಇವುಗಳನ್ನು ಓದಿ ಮಗುವಿಗೆ ಒಂದು ಕ್ಷಣ ಸಂತೋಷವಾಗುತ್ತದೆ, ಬರಹ ಮಾತ್ರ ಇದ್ದಲ್ಲಿಯೇ ಇರುತ್ತದೆ. ಆದ್ದರಿಂದ ಪ್ರತಿಯೊಂದು ಅಭಿಪ್ರಾಯದಲ್ಲಿಯೂ ಬರಹದ ಒಂದು ಪದವನ್ನಾಗಲಿ ವಾಕ್ಯವನ್ನಾಗಲಿ ಎತ್ತಿ ಹೇಳಬೇಕು, ಒಂದಾದರೂ ನಿಜವಾದ ಪ್ರಶ್ನೆ ಕೇಳಬೇಕು ಎಂದು ಜತ್ತದ ಶಿಕ್ಷಕರೂ ನಾನೂ ಸೇರಿ ನಿಶ್ಚಯಿಸಿದೆವು. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆ ನಿಜವಾದ ಪ್ರಶ್ನೆಯಲ್ಲ. ಇದನ್ನು ಮಕ್ಕಳಿಗೆ ಹೇಳುವಾಗ ನನ್ನ ಅರ್ಧ ಆಯುಷ್ಯ ಅಂಥ ಪ್ರಶ್ನೆಗಳನ್ನೇ ಕೇಳುತ್ತ ಕಳೆದಿದೆ ಎಂಬ ಅರಿವು ನನ್ನನ್ನು ಗಾಢವಾಗಿ ತಟ್ಟಿತು. ಈಗ ಅಭಿಪ್ರಾಯ ಬರೆಯಲು ಬರಹಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇವೆ. ಬೇರೊಬ್ಬರ ಬರಹವನ್ನು ಹೀಗೆ ಗಮನವಿಟ್ಟು ಓದಲು ಕಲಿತ ಮಗು ತನ್ನ ಬರಹವನ್ನೂ ಹಾಗೆಯೇ ಓದುತ್ತದೆ. ಪದ್ಯಭಾಗದ ಪಾಠವನ್ನು ಕೂಡ ‘ಇಲ್ಲಿ ಕವಿ ಏಕೆ ಹೀಗೆ ಹೇಳಿದರು?’ ಎಂದು ತಾನಾಗಿ ಕೇಳುತ್ತದೆ.

ಮೇಲಿನವರು ಕೇಳುವ ಪ್ರಶ್ನೆ ಒಂದೇ: ಇದರಿಂದ ಫಲಿತಾಂಶ ಹೆಚ್ಚಿತೇ? ಕಾಗುಣಿತದ ವಿಷಯ ಮೊದಲೇ ಹೇಳಿದೆ. ಅದಕ್ಕಿಂತ ಹೆಚ್ಚಿನದನ್ನು ಅಂಕಪಟ್ಟಿಯಲ್ಲಿ ತೋರಿಸಲು ನನ್ನಿಂದ ಆಗುವುದಿಲ್ಲ. ಆದರೆ ಬ್ಲಾಗಿನಲ್ಲಿ ಪ್ರತಿಯೊಂದು ಬರಹದ ಮೇಲೂ ತಾರೀಖು ಇರುತ್ತದೆ, ಹೊಸದು ಮೇಲಿರುತ್ತದೆ, ಹಳೆಯದು ಕೆಳಗಿಳಿಯುತ್ತ ಹೋಗುತ್ತದೆ. ವರ್ಷದ ಕೊನೆಗೆ ನಾನು ಒಂದೊಂದು ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತಳದಿಂದ ಮೇಲಕ್ಕೆ, ಜೂನ್‌ನಿಂದ ಫೆಬ್ರುವರಿಯವರೆಗೆ, ಅದರ ಬರಹಗಳನ್ನೆಲ್ಲ ಒಟ್ಟಿಗೆ ಓದಿಸುತ್ತೇನೆ. ಜೂನ್‌ನಲ್ಲಿ ಬರೆದದ್ದನ್ನು ನೋಡಿ ಮಕ್ಕಳು ನಾಚುತ್ತಾರೆ, ‘ಇದನ್ನು ನಾನು ಬರೆದೆನಾ?’ ಎನ್ನುತ್ತಾರೆ. ನೋಟುಪುಸ್ತಕ ಇಷ್ಟು ಹೊತ್ತಿಗೆ ರದ್ದಿಗೆ ಹೋಗಿರುತ್ತಿತ್ತು.

ನಾಕಾದ ಹುಡುಗನ ಬರಹ ಒಂದೂವರೆ ಪುಟದಲ್ಲಿ ನಿಲ್ಲಲಿಲ್ಲ. ಜತ್ತದಿಂದ ಇನ್ನೂ ಪ್ರಶ್ನೆಗಳು ಬಂದವು: ಮಳೆಗಾಲದಲ್ಲಿ ಎಲ್ಲಿ ನಿಲ್ಲುತ್ತಾರೆ, ಹೆಂಗಸರೂ ನಿಲ್ಲುತ್ತಾರೆಯೇ, ಕೂಲಿ ಮಾತಾಡುವವರು ಯಾರು? ಅವನು ಪ್ರತಿದಿನ ಸಂಜೆ ತಂದೆಯನ್ನು ಕೇಳಿ ಬರೆದುಕೊಂಡು ಬರತೊಡಗಿದ. ‘ಅಪ್ಪ ಇಷ್ಟು ಮಾತಾಡ್ತಾನ ಅಂತ ನನಗ ಗೊತ್ತಿರಲಿಲ್ಲ’ ಎಂದು ಒಮ್ಮೆ ನನ್ನ ಬಳಿ ಹೇಳಿದ. ಬರಹ ಮುಗಿದಾಗ ನಾನು ಅದನ್ನು ಮುದ್ರಿಸಿ ಅವನ ಕೈಗೆ ಕೊಟ್ಟೆ. ತಂದೆಗೆ ಓದು ಬರುವುದಿಲ್ಲ. ಮನೆಯಲ್ಲಿ ಓದಿ ಹೇಳು ಎಂದಿದ್ದೆ. ಅವನು ಮನೆಯಲ್ಲಿ ಓದಿದ. ಕೇಳಿದ ತಂದೆ, ರಜೆಯ ದಿನ ಮಗನನ್ನು ಕರೆದುಕೊಂಡು ಹೋಗಿ ನಾಕಾದಲ್ಲಿ ಎಲ್ಲರ ಮುಂದೆ ನಿಲ್ಲಿಸಿ ಓದಿಸಿದರಂತೆ.

ಮರುದಿನ ಪ್ರಾರ್ಥನೆಗೂ ಮೊದಲೇ ಹುಡುಗ ಶಿಕ್ಷಕರ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಆ ಹಾಳೆಗಳು. ಅಂಚಿನ ತುಂಬ ಪೆನ್ಸಿಲಿನ ಗುರುತುಗಳು. ‘ಟೀಚರ್, ತಿದ್ದಬೇಕು’ ಎಂದ. ಜನ ಏಳು ಗಂಟೆಗೆ ಸೇರುತ್ತಾರೆ ಎಂದು ಅವನು ಬರೆದಿದ್ದ. ಅದು ಭಾನುವಾರದ ಲೆಕ್ಕವಂತೆ. ಉಳಿದ ದಿನಗಳಲ್ಲಿ ಆರೂವರೆ. ಏಳಕ್ಕೆ ಬಂದವನಿಗೆ ಗವಂಡಿಯ ಕೆಲಸ ಸಿಗುವುದಿಲ್ಲ, ಬಿಗಾರಿಯ ಕೆಲಸವೇ ಗತಿ ಎಂದು ಅಲ್ಲಿ ಒಬ್ಬ ಹಿರಿಯರು ಹೇಳಿದರಂತೆ. ವಯಸ್ಸಾದವರು ಹಿಂದೆ ಉಳಿಯುತ್ತಾರೆ ಎಂಬ ವಾಕ್ಯಕ್ಕೂ ಅವರು ಒಪ್ಪಿರಲಿಲ್ಲ. ‘ಹಿಂದ ಉಳಿಯೂದಿಲ್ಲ, ಹುಡುಗುರಿಗಿ ಬಿಟ್ಟುಕೊಡ್ತೀವಿ ಅಂತ ಬರಿ’ ಎಂದಿದ್ದರು. ಅವನು ಅದನ್ನು ಅವರು ಆಡಿದಂತೆಯೇ, ಉದ್ಧರಣ ಚಿಹ್ನೆಯೊಳಗೆ, ಪೆನ್ಸಿಲಿನಲ್ಲಿ ಬರೆದುಕೊಂಡು ಬಂದಿದ್ದ. ಗಂಟೆ ಹೊಡೆಯಲು ಇನ್ನೂ ಐದು ನಿಮಿಷವಿತ್ತು. ನಾನು ಕಂಪ್ಯೂಟರ್ ಕೋಣೆಯ ಬೀಗದ ಕೈ ತೆಗೆದುಕೊಂಡೆ.